ಬಟ್ಟೆ ಒಣಗಿಸುವ ಯಂತ್ರ: ನಿಮ್ಮ ಮನೆಗೆ ಎಷ್ಟು ದೊಡ್ಡದು ಬೇಕು?

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಸಂಸಾರ ಹೂಡಿದವರಿಗೆ ಮಳೆಗಾಲದಲ್ಲಿ ಬಟ್ಟೆ ಒಗೆಯುವುದು ಕಷ್ಟವಲ್ಲ, ಒಣಗಿಸುವುದೇ ಕಷ್ಟ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ಆಗುಂಬೆಯಲ್ಲಿ ಅದರ ಇಮ್ಮಡಿಯಷ್ಟು. ಹಿಂದೆ ಬಚ್ಚಲೊಲೆಯ ಬಿಸಿ ಇತ್ತು. ಹಂಡೆಯ ನೀರೂ ಕಾಯುತ್ತಿತ್ತು, ಮೇಲಿನ ಗಳದಲ್ಲಿ ಪಂಚೆಯೂ ಒಣಗುತ್ತಿತ್ತು. ಇಂದಿನ ಪಟ್ಟಣದ ಮನೆಯಲ್ಲಿ ಆ ಒಲೆ ಇಲ್ಲ. ಕೋಣೆಯೊಳಗೆ ಹಗ್ಗ ಕಟ್ಟಿದರೆ ಬಟ್ಟೆಗೆ ಮುಗ್ಗಲು ವಾಸನೆ, ಗೋಡೆಗೆ ಬೂಷ್ಟು, ಉಬ್ಬಸವಿರುವವರಿಗೆ ತೊಂದರೆ. ಆದ್ದರಿಂದ ಒಣಗಿಸುವ ಯಂತ್ರವನ್ನು ಕೊಳ್ಳುವ ಯೋಚನೆ ನಿಮಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಎಷ್ಟು ದೊಡ್ಡದನ್ನು ಕೊಳ್ಳಬೇಕು?

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಎರಡು ತೊಟ್ಟಿಗಳ ವಾಷಿಂಗ್ ಮೆಷಿನ್ನಿನಲ್ಲಿ ‘ಡ್ರೈಯರ್’ ಎಂದು ಕರೆಯುವ ತೊಟ್ಟಿಯು ಬಟ್ಟೆಯನ್ನು ಒಣಗಿಸುವುದಿಲ್ಲ, ವೇಗವಾಗಿ ಸುತ್ತಿ ನೀರನ್ನು ಹಿಂಡುತ್ತದೆ, ಅಷ್ಟೆ. ನಿಜವಾದ ಡ್ರೈಯರ್ ಬಟ್ಟೆಯನ್ನು ಉರುಳಿಸುತ್ತ, ಬಿಸಿಗಾಳಿಯನ್ನು ಹಾಯಿಸಿ, ಉಳಿದ ನೀರನ್ನು ಆವಿಯಾಗಿಸುತ್ತದೆ.

ಈ ಯಂತ್ರದ ಅಳತೆಯನ್ನು ಕಿಲೋಗ್ರಾಮಿನಲ್ಲಿ ಹೇಳುತ್ತಾರೆ. ಅದು ಒಣ ಬಟ್ಟೆಯ ತೂಕವೇ ಹೊರತು ಒದ್ದೆ ಬಟ್ಟೆಯದಲ್ಲ. ಒಂದು ಅಂಗಿ ಸುಮಾರು ಕಾಲು ಕಿಲೋ. ನೂಲಿನ ಸೀರೆ ಅಥವಾ ದಪ್ಪ ಟವೆಲ್ ಸುಮಾರು ಅರ್ಧ ಕಿಲೋ. ಜೀನ್ಸ್ ಷರಾಯಿ ಅದಕ್ಕಿಂತ ತುಸು ಹೆಚ್ಚು. ಇಬ್ಬರು ಮಲಗುವ ಮಂಚದ ಹಾಸು ಮುಕ್ಕಾಲು ಕಿಲೋ ಅಥವಾ ಇನ್ನೂ ಹೆಚ್ಚು. ಒಂದು ದಿನ ನೀವೇ ಒಗೆಯುವ ಬಟ್ಟೆಯನ್ನು ಚೀಲಕ್ಕೆ ತುಂಬಿ ತೂಗಿ ನೋಡಿ. ಅಂಗಡಿಯವನ ಮಾತಿಗಿಂತ ಆ ತಕ್ಕಡಿಯ ಮಾತು ಹೆಚ್ಚು ನಂಬಿಕೆಗೆ ಯೋಗ್ಯ. ನಾಲ್ವರ ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಕಿಲೋ ಬಂದರೆ, ದಿನವೂ ಒಣಗಿಸುವವರಿಗೆ ಐದಾರು ಕಿಲೋ ಅಳತೆಯದು ಸಾಕು. ಎರಡು ದಿನಕ್ಕೊಮ್ಮೆ ಒಗೆಯುವವರು, ಹಾಸು ಹೊದಿಕೆಗಳನ್ನೂ ಅದರಲ್ಲೇ ಒಣಗಿಸುವವರು ಏಳೆಂಟು ಕಿಲೋ ಅಳತೆಯದನ್ನು ನೋಡಬೇಕು.

ಒಗೆಯುವುದಕ್ಕೆ ಬೇಕಾದ ಜಾಗಕ್ಕಿಂತ ಒಣಗುವುದಕ್ಕೆ ಹೆಚ್ಚು ಜಾಗ ಬೇಕು. ಬಟ್ಟೆ ಬಿಡಿಬಿಡಿಯಾಗಿ ಉರುಳಿದರೆ ಮಾತ್ರ ಗಾಳಿ ತಗಲುತ್ತದೆ. ಒಗೆದು ಒಣಗಿಸುವ ಎರಡೂ ಕೆಲಸವನ್ನು ಒಂದೇ ಯಂತ್ರ ಮಾಡುವಲ್ಲಿ, ಎಂಟು ಕಿಲೋ ಒಗೆದರೂ ಐದು ಕಿಲೋ ಮಾತ್ರ ಒಣಗಿಸಬಲ್ಲದು ಎಂದು ಬರೆದಿರುವುದು ಇದರಿಂದಲೇ. ಎರಡೂ ಅಂಕೆಗಳನ್ನು ಕೇಳಿ ತಿಳಿಯಿರಿ. ಚಿಕ್ಕ ಯಂತ್ರಕ್ಕೆ ತುರುಕಿದರೆ ಬಟ್ಟೆ ಸುಕ್ಕಾಗಿ, ಒಳಮಡಿಕೆ ಒದ್ದೆಯಾಗಿಯೇ ಉಳಿಯುತ್ತದೆ. ಹಾಗೆಂದು ತೀರ ದೊಡ್ಡದೂ ಬೇಡ: ನಾಲ್ಕು ಬಟ್ಟೆ ಹಾಕಿದರೆ ಅವು ಒಂದಕ್ಕೊಂದು ಸುತ್ತಿಕೊಂಡು ಸರಿಯಾಗಿ ಒಣಗವು, ಹಣವೂ ಜಾಗವೂ ದಂಡ.

ಇನ್ನು ವಿದ್ಯುತ್ತಿನ ಲೆಕ್ಕ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ಶಕ್ತಿ ಬೇಕೇ ಬೇಕು. ಯಂತ್ರದಲ್ಲಿ ಪೋಲಾಗುವುದು ಬೇರೆ. ಕೈಯಿಂದ ಹಿಂಡಿದ ನಾಲ್ಕು ಕಿಲೋ ನೂಲಿನ ಬಟ್ಟೆಯಲ್ಲಿ ಹೆಚ್ಚುಕಡಿಮೆ ನಾಲ್ಕು ಲೀಟರ್ ನೀರು ಉಳಿದಿರಬಹುದು. ನಿಮಿಷಕ್ಕೆ ಸಾವಿರ ಸುತ್ತು ತಿರುಗುವ ಮೆಷಿನ್ ಹಿಂಡಿದರೆ ಅದು ಎರಡೂವರೆ ಲೀಟರಿಗೆ ಇಳಿಯುತ್ತದೆ. ಹೀಗೆ ಚೆನ್ನಾಗಿ ಹಿಂಡುವುದರಿಂದಲೇ ಸುಮಾರು ಒಂದು ಯೂನಿಟ್ ಉಳಿಯುತ್ತದೆ.

ಕಾಯಿಸುವ ತಂತಿಯುಳ್ಳ ಡ್ರೈಯರ್‌ಗಳು ಸಾಮಾನ್ಯವಾಗಿ 2,000 ವ್ಯಾಟಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. ರೇಡಿಯೋ, ಫ್ಯಾನುಗಳಿಗೆ ಹಾಕಿಸಿದ 6 ಆಂಪಿಯರ್ ಸಾಕೆಟ್ ಇದನ್ನು ತಾಳದು. ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ ಬೇಕು. ಹಳೆಯ ಮನೆಯಾದರೆ ತಂತಿಗಳನ್ನೂ, ಮಂಜೂರಾದ ವಿದ್ಯುತ್ ಹೊರೆಯನ್ನೂ ಬಲ್ಲವರಿಂದ ಮೊದಲೇ ಪರೀಕ್ಷೆ ಮಾಡಿಸಿ. ಹೀಟ್ ಪಂಪ್ ಬಗೆಯವು ಬಿಸಿಯನ್ನು ಮತ್ತೆ ಮತ್ತೆ ಬಳಸುವುದರಿಂದ ಸುಮಾರು ಅರ್ಧದಷ್ಟು ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತವೆ. ಬೆಲೆ ಹೆಚ್ಚು, ಸಮಯವೂ ಹೆಚ್ಚು. ಹಬೆಯನ್ನು ಕೊಳವೆಯಿಂದ ಹೊರಬಿಡುವ ಬಗೆಯದಾದರೆ ಆ ಕೊಳವೆ ಮನೆಯ ಹೊರಗೇ ತೆರೆಯಬೇಕು. ಇಲ್ಲವಾದರೆ ಬಟ್ಟೆಯ ನೀರು ಗೋಡೆಗೆ ಸೇರುತ್ತದೆ. ಯಾವ ಬೂಷ್ಟಿಗೆ ಹೆದರಿ ಯಂತ್ರ ತಂದಿರೋ ಅದೇ ಮರಳಿ ಬರುತ್ತದೆ.

ಎರಡು ಎಚ್ಚರಿಕೆಗಳನ್ನು ಮನೆಯವರೆಲ್ಲರಿಗೂ ಹೇಳಿ. ಜಾಲರಿಯಲ್ಲಿ ಸೇರುವ ನೂಲಿನ ಧೂಳನ್ನು ಪ್ರತಿ ಸಲವೂ ತೆಗೆಯಬೇಕು. ಅದು ಬೇಗ ಹೊತ್ತಿಕೊಳ್ಳುವಂಥದು. ಅಡುಗೆಯ ಎಣ್ಣೆ ಹೀರಿದ ಕೈಬಟ್ಟೆ, ಸೀಮೆಎಣ್ಣೆ ತಗಲಿದ ಬಟ್ಟೆ ಇವನ್ನು ಎಂದಿಗೂ ಒಳಗೆ ಹಾಕಕೂಡದು. ರೇಷ್ಮೆಗೂ ಉಣ್ಣೆಗೂ ನೆರಳಿನ ಗಾಳಿಯೇ ಮೇಲು.

ಕೊಳ್ಳುವ ಮುನ್ನ ನಿಮ್ಮ ಬಟ್ಟೆಯ ತೂಕ, ಯಂತ್ರವಿಡುವ ಜಾಗದ ಅಗಲ ಉದ್ದ, ಸಾಕೆಟ್ಟಿನ ಬಲ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಯಂತ್ರಕ್ಕೆ ರಜೆ ಕೊಟ್ಟು ಬಟ್ಟೆಯನ್ನು ಅಂಗಳದ ತಂತಿಗೇ ಹಾಕಿ. ಆ ಬಿಸಿಲಿಗೆ ಮೀಟರು ಓಡುವುದಿಲ್ಲ.