ಅಂಕವಲ್ಲ, ರ‍್ಯಾಂಕ್ ನೋಡಿರಿ

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದ ಹೆತ್ತವರ ಪ್ರಶ್ನೆ ಒಂದೇ: “ಮಗಳಿಗೆ ಪಿ.ಯು.ಸಿ.ಯಲ್ಲಿ ಶೇಕಡಾ 90 ಬಂದಿದೆ. ಬಯಸಿದ ಇಂಜಿನಿಯರಿಂಗ್ ಕಾಲೇಜು ಸಿಕ್ಕೀತೇ?”

ಅಂಕವೊಂದರಿಂದಲೇ ಉತ್ತರ ಹೇಳಲಾಗದು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ, ಸಿ.ಇ.ಟಿ. ಅಂಕಗಳು ಅರ್ಧ. ಆ ರ‍್ಯಾಂಕನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರಕಟಿಸಿದ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕುಗಳೊಡನೆ ಹೋಲಿಸಿ ನೋಡಬೇಕು. ಕಾಲೇಜು, ವಿಭಾಗ, ಸುತ್ತು ಮೂರೂ ಒಂದೇ ಆಗಿರಬೇಕು.

ನಮ್ಮವರು ಮರೆಯುವ ಸಂಗತಿಯೊಂದುಂಟು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರಿರುವುದು ಪ್ರವರ್ಗ 3ಬಿಯಲ್ಲಿ. ಪರಿಶಿಷ್ಟ ಜಾತಿಗಳಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿ. ಆದಾಯಮಿತಿಯೊಳಗಿರುವ 3ಬಿ ಕುಟುಂಬಗಳು ತಹಸೀಲ್ದಾರರಿಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಅರ್ಜಿಗೆ ಮೊದಲೇ ಪಡೆದರೆ, ಸಾಮಾನ್ಯ ವರ್ಗದ ಜೊತೆಗೆ ಆ ಪ್ರವರ್ಗದ ಸೀಟುಗಳಿಗೂ ಅರ್ಹತೆ ದೊರೆಯುತ್ತದೆ. ಪ್ರಮಾಣಪತ್ರವಿಲ್ಲದೆ ಕಳೆದುಕೊಂಡ ಅವಕಾಶ ಆ ವರ್ಷ ಮರಳದು.

ಆಯ್ಕೆಪಟ್ಟಿಯಲ್ಲಿ ಮನಸ್ಸಿನ ಕಾಲೇಜನ್ನೇ ಮೊದಲಿಡಿರಿ. ಅದು ಸಿಗದಿದ್ದರೂ ಕೆಳಗಿನ ಆಯ್ಕೆಗಳಿಗೆ ಧಕ್ಕೆಯಿಲ್ಲ. ಆದರೆ ಖಚಿತವಾಗಿ ಸಿಗಬಲ್ಲ ಕೆಲವನ್ನೂ ಕೊನೆಗೆ ಸೇರಿಸಿರಿ. ಲೆಕ್ಕ ಹಾಕುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ, ಓದಬೇಕಾದವರು ಅವರಲ್ಲವೇ?