ಒಂದು ಮಳೆ, ಒಂದು ಬೇಸಿಗೆ ಕಾಯಿರಿ

ಗೃಹಪ್ರವೇಶ ಮುಗಿದಿದೆ. ಬಾಗಿಲ ತೋರಣ ಇನ್ನೂ ಬಾಡಿಲ್ಲ. ಆಗಲೇ ಬಂದವರೆಲ್ಲ ಸಲಹೆಗಾರರು. ಒಬ್ಬರಿಗೆ ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್ ಬೇಕು, ಇನ್ನೊಬ್ಬರಿಗೆ ಗೋಡೆ ತುಂಬ ಷೋಕೇಸ್. ಸಾಲದ ಕಂತು ಕಟ್ಟುವ ಯಜಮಾನರು ಮಾತ್ರ ಮೂಲೆಯಲ್ಲಿ ಲೆಕ್ಕ ಹಾಕುತ್ತಿರುತ್ತಾರೆ.

ಹರಿಹರದ ಪರಿಚಯದ ಕುಟುಂಬವೊಂದು ಮಗಳ ಪಿಯುಸಿಗೆಂದು ದಾವಣಗೆರೆಗೆ ಬಂತು. ನಡುವೆ ಇರುವುದು ಸುಮಾರು 14 ಕಿಲೋಮೀಟರ್. ಆದರೂ ಬಸ್ಸಿನ ಓಡಾಟದಲ್ಲಿ ಓದುವ ಹೊತ್ತು ಹಾಳಾಗದಿರಲಿ ಎಂಬುದು ಹೆತ್ತವರ ಆಸೆ. ಕೈಯಲ್ಲಿದ್ದ ಹಣವೆಲ್ಲ ಹಾಲ್‌ನ ಅಲಂಕಾರಕ್ಕೆ ಹೋಯಿತು. ಮಾರ್ಚ್ ಬಂತು, ಪರೀಕ್ಷೆಯೂ ಬಂತು. ತಾರಸಿಯ ಕೆಳಗಿನ ಮಗಳ ಕೋಣೆ ರಾತ್ರಿ ಹತ್ತಾದರೂ ಮಂಡಕ್ಕಿ ಭಟ್ಟಿಯಂತೆ ಕಾಯುತ್ತಿತ್ತು. ಹಾಲ್‌ನಲ್ಲಿ ಟಿ.ವಿ., ನೆಂಟರು. "ಅಪ್ಪಾಜಿ, ಹಾಲ್ ಭಾಳ ಚೆಂದ ಐತಿ. ಆದ್ರೆ ನಾನು ಎಲ್ಲಿ ಕುಂತು ಓದ್ಲಿ?" ಎಂದಳು ಹುಡುಗಿ. ಆ ಪ್ರಶ್ನೆಗೆ ಅಪ್ಪನಲ್ಲಿ ಉತ್ತರವಿರಲಿಲ್ಲ.

ಯಾವ ಬದಲಾವಣೆ ಮುಖ್ಯ ಎಂಬುದನ್ನು ಮನೆಯೇ ಹೇಳುತ್ತದೆ. ಕೇಳಿಸಿಕೊಳ್ಳಲು ನಾವು ಅದರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಬೇಕು, ಅಷ್ಟೆ.

ಮಳೆ ಹೇಳುವ ಮಾತು

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಸುತ್ತ ಎರೆಭೂಮಿ ಇದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪಾಯ ಸರಿಯಿಲ್ಲದಿದ್ದರೆ ಗೋಡೆಯೂ ಅದರೊಂದಿಗೆ ಅಲುಗುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ದಿನಾಂಕ ಬರೆಯಿರಿ. ತಿಂಗಳುಗಳಲ್ಲಿ ಅದು ಬೆಳೆದರೆ ಎಂಜಿನಿಯರನ್ನು ಕರೆಸಿ. ಅದಕ್ಕೆ ಮೊದಲೇ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ರೋಗ ಮುಚ್ಚಿಟ್ಟಂತೆ.

ತೇವವೂ ಹಾಗೆಯೇ. ಉಪ್ಪು ಬಿಟ್ಟ ಗೋಡೆಗೆ ಎಷ್ಟು ದುಬಾರಿ ಬಣ್ಣ ಹೊಡೆದರೂ ನೀರು ಬರುವ ದಾರಿ ಮುಚ್ಚದಿದ್ದರೆ ಪದರ ಪದರವಾಗಿ ಉದುರುತ್ತದೆ. ಮೊದಲು ತಾರಸಿಯ ಇಳಿಜಾರು, ಬಚ್ಚಲಿನ ಕೊಳವೆ ನೋಡಿ, ಬಣ್ಣ ಆಮೇಲೆ. ತಾರಸಿಯ ನೀರನ್ನು ತೊಟ್ಟಿಗೆ ಇಳಿಸುವ ಕೊಳವೆ ಹಾಕಿಸುವುದು ಒಳ್ಳೆಯ ಖರ್ಚು. ನೂರು ಚದರ ಮೀಟರ್ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು!

ಬೇಸಿಗೆ ಹೇಳುವ ಮಾತು

ಕಾಂಕ್ರೀಟ್ ತಾರಸಿ ಹಗಲೆಲ್ಲ ಕಾದು, ಸಂಜೆಯಿಂದ ಆ ಶಾಖವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಮಕ್ಕಳು ಓದಲು ಕೂರುವುದೂ ಅದೇ ಹೊತ್ತಿಗೆ. ಫಾಲ್ಸ್ ಸೀಲಿಂಗ್ ಇದನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಬಿಸಿಲನ್ನು ಮೇಲೆಯೇ ತಡೆಯುವುದು ಅಗ್ಗ. ಬೇಸಿಗೆಗೆ ಮುಂಚೆ ತಾರಸಿಗೆ ದಪ್ಪನಾಗಿ ಬಿಳಿ ಸುಣ್ಣ ಬಳಿಯಿರಿ. ಅನುಕೂಲವಿದ್ದವರು ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿ ಬಣ್ಣ ಹಚ್ಚಿಸಲಿ ಅಥವಾ ಬಿಳಿ ಟೈಲ್ಸ್ ಚೂರು ಕೂರಿಸಲಿ.

ಇನ್ನು ಗಾಳಿ. ಹರಿಹರೇಶ್ವರ ದೇವಸ್ಥಾನಕ್ಕೆ ಹೋದಾಗ ಮುಂದಿನ ಮಂಟಪದಲ್ಲಿ ಐದು ನಿಮಿಷ ಕುಳಿತು ನೋಡಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಿದು. ಮಂಟಪದ ಸುತ್ತ ಗೋಡೆ ಅರ್ಧಕ್ಕೇ ನಿಂತಿದೆ. ಬೆಳಕು, ಗಾಳಿ ಎರಡೂ ಒಳಗೆ ಬರುತ್ತವೆ. ಸೂರು ಮುಂದಕ್ಕೆ ಚಾಚಿ ಬಿಸಿಲನ್ನು ತಡೆಯುತ್ತದೆ. ನಾವಾದರೋ ಕಿಟಕಿ ಇಟ್ಟು, ಅದಕ್ಕೆ ಅಡ್ಡವಾಗಿ ಬೀರು ನಿಲ್ಲಿಸುತ್ತೇವೆ!

ಯಾವುದು ಮೊದಲು?

ನೀರಿನ ಸೋರಿಕೆ ಮೊದಲು. ಆಮೇಲೆ ವಿದ್ಯುತ್ತು: ಸರಿಯಾದ ಅರ್ಥಿಂಗ್, ಜೊತೆಗೆ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಇದು ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೆ ಜೀವ ಉಳಿಸುತ್ತದೆ. ಮೂರನೆಯದು ತಾರಸಿಯ ಶಾಖ. ನಾಲ್ಕನೆಯದು ಓದುವ ಮೂಲೆ. ಕಿಟಕಿಯ ಪಕ್ಕ ಒಂದು ಗಟ್ಟಿ ಮೇಜು, ಬೆನ್ನಿಗೆ ಆಸರೆಯಾಗುವ ಕುರ್ಚಿ, ಕೈಗೆಟಕುವ ಪ್ಲಗ್ ಇದ್ದರೆ ಸಾಕು. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಗಡೆ ಇರಲಿ. ಆಗ ಬರಹದ ಮೇಲೆ ಕೈಯ ನೆರಳು ಬೀಳದು. ಷೋಕೇಸು, ಪರದೆ, ಚಿತ್ತಾರದ ಗೋಡೆ ಇವೆಲ್ಲ ಕೊನೆಗೆ. ಅವು ಬೇಡವೆಂದಲ್ಲ, ಅವಸರವಿಲ್ಲ.

ಈ ಲೆಕ್ಕದಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ. 75 ವ್ಯಾಟ್‌ನ ಹಳೇ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಎಷ್ಟು ಯೂನಿಟ್ ಉಳಿತಾಯ? ಮಗನೋ ಮಗಳೋ ಲೆಕ್ಕ ಹಾಕಿ ಹೇಳಲಿ: 16 ಯೂನಿಟ್. ಹೆಚ್ಚು ಕೊಟ್ಟ ದುಡ್ಡು ಎಷ್ಟು ತಿಂಗಳಲ್ಲಿ ಮರಳುತ್ತದೆ ಎಂದೂ ಅವರೇ ಹೇಳಲಿ. ಪ್ರತಿ ಖರ್ಚಿಗೂ ಹೀಗೆ ಕೇಳುತ್ತಾ ಹೋದರೆ ಮುಂದಿನ ವರ್ಷದ ಕಾಲೇಜು ಶುಲ್ಕದ ಹಣ ಗೋಡೆಯ ಪಾಲಾಗುವುದಿಲ್ಲ.

ಆ ಹರಿಹರದ ಕುಟುಂಬ ಮರುವರ್ಷ ಶಿವರಾತ್ರಿಯ ಹೊತ್ತಿಗೇ ತಾರಸಿಗೆ ಸುಣ್ಣ ಬಳಿಯಿತು. ಅಪ್ಪ, ಮಗಳು ಇಬ್ಬರೂ ಕುಂಚ ಹಿಡಿದಿದ್ದರು. ಕಿಟಕಿಗೆ ಅಡ್ಡವಿದ್ದ ಬೀರು ಪಕ್ಕಕ್ಕೆ ಸರಿಯಿತು, ಆ ಜಾಗಕ್ಕೆ ಮೇಜು ಬಂತು. ಈಗ ಮನೆಗೆ ಬಂದವರು ಹಾಲ್ ನೋಡಿ ಹೊಗಳಿದರೆ ಯಜಮಾನರು ನಕ್ಕು, "ಮಗಳ ಕೋಣೆ ನೋಡ್ರಿ" ಎನ್ನುತ್ತಾರೆ.