ಅಮ್ಮನ ಇಳಕಲ್ ಸೀರೆ, ಅರಾನ್ ಸ್ವೆಟರ್ ಮತ್ತು ಒಂದು ಕೌದಿ



ಹೋದ ತಿಂಗಳ ನಮ್ಮ ಓದಿನ ಸಭೆ ಸಾಲ್ಟ್‌ಹಿಲ್‌ನಲ್ಲಿರುವ ಗೆಳತಿಯೊಬ್ಬರ ಮನೆಯಲ್ಲಿ ನಡೆಯಿತು. ಹೊರಗೆ ಗಾಲ್ವೇಯ ಮಾಮೂಲಿ ಅಡ್ಡಮಳೆ, ಒಳಗೆ ಚುರುಮುರಿ ಸೂಸಲ, ಮಿರ್ಚಿ, ಚಹಾ. ಕಥೆ ಓದಿ, ಅದರ ಮೇಲೆ ಜಗಳವಾಡಿ ಮುಗಿದ ನಂತರ ಮನೆಯೊಡತಿ ಒಳಗಿನಿಂದ ಒಂದು ಸೀರೆ ತಂದು ಸೋಫಾದ ಮೇಲೆ ಹರವಿದರು. ಈಗಿಲ್ಲದ ಅವರ ತಾಯಿಯ ಇಳಕಲ್ ಸೀರೆ. ಒಡಲು ಸವೆದು ಜಾಲರಿಯಾಗಿದೆ. ಬೆಳಕಿಗೆ ಹಿಡಿದರೆ ಕಿಟಕಿಯಾಚೆಯ ಸಮುದ್ರ ಕಾಣುತ್ತದೆ. ಕೆಂಪು ಸೆರಗು ಮಾತ್ರ ನಿನ್ನೆ ಮಗ್ಗದಿಂದ ಇಳಿದು ಬಂದಂತಿದೆ. "ಇದನ್ನೇನು ಮಾಡಲಿ, ನೀವೇ ಹೇಳಿ" ಎಂದರು.

ನಾವು ಎಂಟು ಜನ ಇದ್ದೆವು, ಒಂಬತ್ತು ಅಭಿಪ್ರಾಯ ಬಂದವು! ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ದಿಂಬಿನ ಚೀಲ ಮಾಡಿ, ಕೌದಿ ಹೊಲಿಯಿರಿ, ಮುಟ್ಟಲೇಬೇಡಿ... ಆಗ ನಮ್ಮಲ್ಲೊಬ್ಬರು, ಮೈಸೂರು ಕಡೆಯವರು, ಬೇರೆಯೇ ಪ್ರಶ್ನೆ ಎತ್ತಿದರು. "ಅಲ್ಲಾ, ಒಂದೇ ಸೀರೆ, ಒಟ್ಟಿಗೇ ನೇಯ್ದದ್ದು. ಒಡಲು ಹೋಗಿ ಸೆರಗು ಮಾತ್ರ ಹೇಗೆ ಉಳಿಯಿತು?" ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ನಾವಿರುವ ಊರಿನಿಂದಲೇ ಶುರು ಮಾಡೋಣ. ಭಾರತದಿಂದ ನೆಂಟರು ಬಂದಾಗಲೆಲ್ಲ ನಾವು ಅವರನ್ನು ಕರೆದುಕೊಂಡು ಹೋಗುವುದು ಶಾಪ್ ಸ್ಟ್ರೀಟ್, ಕ್ವೇ ಸ್ಟ್ರೀಟ್‌ಗಳ ಅರಾನ್ ಸ್ವೆಟರ್ ಅಂಗಡಿಗಳಿಗೆ. ಅಲ್ಲಿ ಒಂದು ಕಥೆ ಪುಕ್ಕಟೆಯಾಗಿ ಸಿಗುತ್ತದೆ: ಅರಾನ್ ದ್ವೀಪಗಳಲ್ಲಿ ಮನೆತನಕ್ಕೊಂದು ಹೆಣಿಗೆ ಇತ್ತಂತೆ, ಕಡಲಲ್ಲಿ ಮುಳುಗಿದವನ ಶವ ದಡಕ್ಕೆ ಬಂದರೆ ಸ್ವೆಟರ್ ನೋಡಿ ಇಂಥ ಮನೆಯವನೆಂದು ಗುರುತಿಸುತ್ತಿದ್ದರಂತೆ. ಕೇಳಿದ ನೆಂಟರ ಕಣ್ಣು ಒದ್ದೆಯಾಗುತ್ತದೆ, ಪರ್ಸು ಹಗುರಾಗುತ್ತದೆ. ಸಾಹಿತ್ಯದ ಮಂದಿಗೆ ಇದರ ಮೂಲ ಗೊತ್ತಿರಬೇಕು. ಜೆ. ಎಂ. ಸಿಂಜ್ ಬರೆದ 'ರೈಡರ್ಸ್ ಟು ದ ಸೀ' ನಾಟಕ 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ತಂಗಿಯೊಬ್ಬಳು ಮುಳುಗಿಹೋದ ಅಣ್ಣನನ್ನು ಗುರುತಿಸುವುದು ತಾನೇ ಹೆಣೆದ ಕಾಲುಚೀಲದಿಂದ, ತಾನು ತಪ್ಪಿಸಿದ ಹೊಲಿಗೆಗಳ ಲೆಕ್ಕದಿಂದ. ಅಲ್ಲಿ ಸ್ವೆಟರೂ ಇಲ್ಲ, ಮನೆತನದ ಹೆಣಿಗೆಯೂ ಇಲ್ಲ. ಉಬ್ಬುಹೆಣಿಗೆಯ ಈ ಸ್ವೆಟರ್ ಇಂದಿನ ರೂಪ ಪಡೆದದ್ದೇ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ. ಪ್ರತಿ ಹೆಣಿಗೆಗೂ ಪುರಾತನ ಸೆಲ್ಟಿಕ್ ಅರ್ಥವಿದೆ ಎಂಬ ಮಾತನ್ನು ಹಬ್ಬಿಸಿದ್ದು ಹೈನ್ಸ್ ಎಡ್ಗರ್ ಕೀವೆ ಎಂಬ ನೂಲಿನ ವ್ಯಾಪಾರಿ ಬರೆದ 1967ರ ಪುಸ್ತಕ.

ಹಾಗಾದರೆ ಸ್ವೆಟರ್‌ಗೆ ಅರ್ಥವೇ ಇಲ್ಲವೇ? ಇದೆ, ಆದರೆ ಅದು ಕಥೆಯಲ್ಲಿಲ್ಲ, ಉಣ್ಣೆಯಲ್ಲಿದೆ. ಇಲ್ಲಿನವರು 'ಬಾನೀನ್' ಎನ್ನುವುದು ಬಣ್ಣ ಹಾಕದ ಬಿಳಿ ಉಣ್ಣೆಗೆ. ಕುರಿಯ ಮೈಯ ಜಿಡ್ಡನ್ನು ಪೂರ್ತಿ ತೊಳೆಯದೆ ನೂತರೆ ತುಂತುರು ಹನಿ ಒಳಗಿಳಿಯದೆ ಜಾರುತ್ತದೆ. ಇನ್ನು ಆ ಹಗ್ಗದಂಥ, ಜೇನುಗೂಡಿನಂಥ ಉಬ್ಬುಗಳು ಚೆಂದ ಕಾಣುವುದು ಬಿಳಿಯಲ್ಲಿ ನೆರಳು ಬೀಳುತ್ತದೆ ಎಂಬ ಕಾರಣಕ್ಕೆ. ಅದೇ ಹೆಣಿಗೆಯನ್ನು ಕಡುನೀಲಿಯಲ್ಲಿ ಹೆಣೆದರೆ ಅರ್ಧ ಸೌಂದರ್ಯ ಕತ್ತಲೆಯ ಪಾಲು. ಹೀಗೆ ಉಣ್ಣೆಯೇ ವಿನ್ಯಾಸವನ್ನು ಕೇಳಿ ಪಡೆದಿದೆ. ವಿಪರ್ಯಾಸ ನೋಡಿ, ಇಂದು ಈ ಅಂಗಡಿಗಳಲ್ಲಿರುವ ಬಹುಪಾಲು ಸ್ವೆಟರ್‌ಗಳ ನೂಲು ಹೊರದೇಶದ ಮೆರಿನೊ. ಇಲ್ಲಿನ ಕುರಿಗಳ ಉಣ್ಣೆ ಒರಟು, ಚುಚ್ಚುತ್ತದೆ. ಕಾನಮಾರಾದ ರೈತನಿಗೆ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ.

ಇದು ನಮಗೆ ಹೊಸ ಕಥೆಯಲ್ಲ. ದಖನಿ ಕುರಿಯ ಕರಿ ಉಣ್ಣೆಯ ಕಂಬಳಿಯದೂ ಇದೇ ಪಾಡು. ನಮ್ಮ ಕುರುಬರು ಹಾಸಿಗೆ ಪದರಿಗೆ ಹುಣಿಸೆಬೀಜದ ಗಂಜಿ ಹಚ್ಚಿ ನೇಯುವ ಆ ಕಂಬಳಿ ಹಾಸಲೂ ಆಯಿತು, ಹೊದೆಯಲೂ ಆಯಿತು, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಗೂ ಆಯಿತು. ದೇವರ ಕಾರ್ಯವೆಂದರೆ ಕರಿ ಕಂಬಳಿಯ ಗದ್ದುಗೆ ಹಾಸಲೇಬೇಕು. ಕನಕದಾಸರ ಚಿತ್ರ ಬರೆಯುವವರು ಹೆಗಲ ಮೇಲಿನ ಕಂಬಳಿಯನ್ನು ಮರೆಯುವುದಿಲ್ಲ. ಅತ್ತ ಮಡಿಯ ಮನೆಗಳ ಅಜ್ಜಿಯರಿಗೆ ಧಾಬಳಿ: ಹತ್ತಿ ಬಟ್ಟೆ ಒಗೆದು ಒಣಹಾಕಿದರೆ ಮಾತ್ರ ಮಡಿ, ಯಾರಾದರೂ ಮುಟ್ಟಿದರೆ ಮುಗಿಯಿತು. ಉಣ್ಣೆಗೆ, ರೇಷ್ಮೆಗೆ ಆ ಕಾಟವಿಲ್ಲ. ಶಾಸ್ತ್ರ ಏನೇ ಹೇಳಲಿ, ನಮಗನ್ನಿಸುವುದು ಇಷ್ಟು: ನೀರನ್ನೂ ಕಲೆಯನ್ನೂ ಹತ್ತಿ ತಕ್ಷಣ ಹೀರಿಕೊಳ್ಳುತ್ತದೆ, ಉಣ್ಣೆ ಕೊಡವಿಕೊಳ್ಳುತ್ತದೆ. ಎಳೆಯ ಗುಣವೇ ಮಡಿಯ ನಿಯಮವಾಗಿ ಕೂತಿರಬೇಕು. ಮಡಿಯ ಹೆಸರಿನಲ್ಲಿ ನಡೆದ ಅನ್ಯಾಯಗಳ ಮಾತು ಬೇರೆ, ಅದನ್ನು ಇನ್ನೊಮ್ಮೆ ಆಡೋಣ.

ಈಗ ಸೀರೆಗೆ ಬರೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಕುಣಿಮಗ್ಗದ ಮೇಲೆ ನೇಯುವ ಈ ಸೀರೆಯ ಗುಟ್ಟು ಹಾಸಿನಲ್ಲಿದೆ. (ಒಂದು ಮಾತು. 'ಹಾಸುಹೊಕ್ಕು' ಎಂದು ದಿನಾ ಬರೆಯುತ್ತೇವಲ್ಲ, ಅದು ಮಗ್ಗದ ಮಾತೇ. ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಲಾಳಿಯೊಡನೆ ನುಗ್ಗುವ ಎಳೆ ಹೊಕ್ಕು.) ಸಾಮಾನ್ಯವಾಗಿ ಸೀರೆಯ ಈ ತುದಿಯಿಂದ ಆ ತುದಿಗೆ ಹಾಸಿನ ಎಳೆ ಒಂದೇ. ಇಳಕಲ್‌ನಲ್ಲಿ ಹಾಗಲ್ಲ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾ ಸಾಲಾಗಿ ಕೂಡಿಸಬೇಕು. ಇದಕ್ಕೇ 'ಟೋಪು ತೆನೆ' ಎನ್ನುತ್ತಾರೆ. ಹೊಕ್ಕಿಗೆ ಮೂರು ಲಾಳಿ. ಅಂಚಿಗೂ ಒಡಲಿಗೂ ಬಣ್ಣ ಬದಲಾಗುವ ಕಡೆ ಎಳೆಗಳು ಒಂದನ್ನೊಂದು ಕೊಂಡಿ ಹಾಕಿಕೊಂಡು ಹಿಂತಿರುಗುತ್ತವೆ.

ಇಷ್ಟು ಪಾಡು ಏಕೆ ಪಡಬೇಕು? ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದರೆ ಕೆಂಪು ಬರುವುದಿಲ್ಲ, ಮಂಕಾದ ಮಿಶ್ರ ಬಣ್ಣ ಬರುತ್ತದೆ. ಕೆಂಪು ಹಾಸಿಗೆ ಕೆಂಪು ಹೊಕ್ಕು ಬಿದ್ದಾಗ ಮಾತ್ರ ಇಳಕಲ್ ಸೆರಗಿನ ಆ ಧಗಧಗಿಸುವ ದಾಳಿಂಬೆ ಕೆಂಪು ಹುಟ್ಟುತ್ತದೆ. ಅದರ ಮೇಲೆ ಬಿಳಿಯ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು. ಬಯಲುಸೀಮೆಯ ಹೆಂಗಸು ಕಣ್ಣೆತ್ತಿದರೆ ಕಾಣುವುದೆಲ್ಲ ಸೆರಗಿಗೆ ಬಂದಿದೆ! ಬಿಸಿಲಿನಲ್ಲಿ ಹೊಲಕ್ಕೆ ಹೋಗುವ ಮೈಗೆ ಹತ್ತಿ ಬೇಕು, ನಾಲ್ಕು ಜನರೆದುರು ತಲೆಯ ಮೇಲೆ ಹೊದೆಯುವ ಸೆರಗಿಗೆ ರೇಷ್ಮೆಯ ಮಾನ ಬೇಕು. ಪೂರ್ತಿ ರೇಷ್ಮೆ ಕೈಗೆಟುಕದು. ಹೀಗೆ ಬಡತನವೂ ಬಿಸಿಲೂ ಮರ್ಯಾದೆಯೂ ಸೇರಿ ಕುಣಿಕೆ ಹಾಕಿಕೊಂಡ ಜಾಗ ಅದು. ಈ ಕೂಡಿಕೆಯ ಕಾರಣಕ್ಕೇ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು, ಹತ್ತು ಸೀರೆಯ ಹಾಸನ್ನು ಒಟ್ಟಿಗೆ ಸುತ್ತಿಡಲಾಗದು. ಯಂತ್ರಕ್ಕೆ ಇಂಥ ತಾಳ್ಮೆ ಎಲ್ಲಿಂದ ಬರಬೇಕು? ವಿದ್ಯುತ್ ಮಗ್ಗದ ನಕಲಿನಲ್ಲಿ ಇದೇ ಬಣ್ಣ, ಇದೇ ಚಿತ್ರ ಇರಬಹುದು. ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಆ ಸಣ್ಣ ಗಂಟಿನ ಸಾಲು ಸಿಗುವುದಿಲ್ಲ.

ಮೈಸೂರಿನ ಗೆಳೆಯರಿಗೆ ಉತ್ತರ ಸಿಕ್ಕಿತಲ್ಲ? ಒಗೆಯುವ ಕಲ್ಲಿನ ಮೇಲೆ ದಿನಾ ಏಟು ತಿಂದ ಹತ್ತಿ ತನ್ನ ಆಯುಸ್ಸು ಮುಗಿಸಿದೆ, ಸೆರಗಿನದು ಇನ್ನೂ ಬಾಕಿ ಇದೆ. ಒಂದೇ ಸೀರೆಯಲ್ಲಿ ಎರಡು ಪ್ರಾಯ.

ಇಳಕಲ್ ಸೀರೆಯ ಮೇಲೆ ಧಾರವಾಡದ ಕಡೆಯವರು ಹಾಕುವ ಕಸೂತಿಯೂ ಹೀಗೆಯೇ ಬಟ್ಟೆಯ ಮಾತು ಕೇಳುವ ಕಲೆ. ಗವಂತಿ, ಮುರಗಿ, ನೇಯ್ಗಿ, ಹೆಂತೆ ಎಂಬ ನಾಲ್ಕೂ ಹೊಲಿಗೆಗಳು ಎಳೆ ಎಣಿಸಿಯೇ ನಡೆಯಬೇಕು. ಗೀಚಿಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲಕ್ಕೂ ಮೆಟ್ಟಿಲು ಮೆಟ್ಟಿಲಾದ ಅಂಚು ಇರುವುದು ಇದರಿಂದಲೇ. ಹಾಸುಹೊಕ್ಕಿನ ಚೌಕದಲ್ಲಿ ದುಂಡಗೆ ಓಡಾಡಲು ದಾರಿಯಿಲ್ಲ. ನುಣುಪಾದ ಬಟ್ಟೆಯಲ್ಲಿ ಎಳೆ ಎಣಿಸಲಾಗದು, ಹಾಗಾಗಿ ಈಗ ಮೇಲೊಂದು ಜಾಳಿಗೆ ಇಟ್ಟು ಹೊಲಿದು ಆಮೇಲೆ ಅದರ ಎಳೆಗಳನ್ನು ಕಿತ್ತುಬಿಡುತ್ತಾರೆ. ಚಿತ್ರ ಅದೇ, ಆದರೆ ಊರುಗೋಲು ಬೇಕಾಯಿತು.

ಕೃತಕ ರೇಷ್ಮೆ ಎಂದೆವಲ್ಲ, ಅದರ ಹುಟ್ಟು ಮರದಲ್ಲಿ. ರೇಯಾನ್ ಎಂದರೆ ಮರದ ತಿರುಳೇ. ಹೆಲ್ಸಿಂಕಿಗೆ ಹೋಗಿ ಬಂದ ನಮ್ಮ ಬಳಗದವರೊಬ್ಬರು ಫಿನ್ಲೆಂಡಿನ ಬಟ್ಟೆ ಕಲೆಯ ಬಗ್ಗೆ ಹೇಳಿ ಮುಗಿಸುವುದೇ ಇಲ್ಲ. ಅಲ್ಲಿಯ ರಿತ್ವಾ ಪುವೊತಿಲಾ 1987ರಲ್ಲಿ ಮಗನೊಂದಿಗೆ ವುಡ್‌ನೋಟ್ಸ್ ಆರಂಭಿಸಿ ಕಾಗದವನ್ನೇ ನೂಲಾಗಿ ಹೊಸೆದು ಜಮಖಾನೆ ನೇಯಿಸಿದರು. ಉಣ್ಣೆಯಂತೆ ಜುಂಗು ಏಳದ ಆ ನೂಲಿಗೆ ನೇರ ಗೆರೆ, ಸ್ಪಷ್ಟ ಅಂಚು ಚೆನ್ನಾಗಿ ಒಪ್ಪುತ್ತವೆ. 2018ರ ಡಿಸೆಂಬರ್ 6ರ ಸ್ವಾತಂತ್ರ್ಯ ದಿನಕ್ಕೆ ಅಲ್ಲಿನ ಆಗಿನ ಅಧ್ಯಕ್ಷರ ಪತ್ನಿ ಯೆನ್ನಿ ಹೌಕಿಯೊ ಉಟ್ಟದ್ದು ಬರ್ಚ್ ಮರದಿಂದ ತೆಗೆದ ನೂಲಿನ ಉಡುಪು. ಕೇಳಿ ನಾವೆಲ್ಲ ತಲೆದೂಗಿದೆವು. ಆದರೆ ಹಾವೇರಿ ಕಡೆಯ ಗೆಳೆಯರು ತಲೆದೂಗಲಿಲ್ಲ. ಅವರಿಗೆ ಮರದ ನೂಲೆಂದರೆ ತುಂಗಭದ್ರೆಯ ದಡ, ನೀಲಗಿರಿ ತೋಪು, ಮತ್ತು 1987ರ ನವೆಂಬರ್ 14ರ ಕುಸನೂರು. ಗೋಮಾಳದಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಅದೇ ತಿರುಳು, ಅದೇ 1987. ಅಲ್ಲಿ ಕಲೆ, ಇಲ್ಲಿ ಕಲಹ.

ಎಳೆ ಬದಲಾದರೆ ಅರ್ಥ ಬದಲಾಗುತ್ತದೆಯೇ ಎಂದು ಅನುಮಾನಿಸುವವರು ಹುಬ್ಬಳ್ಳಿಯ ಬೆಂಗೇರಿಯನ್ನು ನೆನೆಯಬೇಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಭಾರತೀಯ ಮಾನಕಗಳಲ್ಲಿ ಐಎಸ್ 1, ಅಂದರೆ ಮೊಟ್ಟಮೊದಲನೆಯದು, ಧ್ವಜದ್ದೇ. ಬಣ್ಣ, ಅಳತೆ, ಎಳೆ ಎಲ್ಲದಕ್ಕೂ ಅದರಲ್ಲಿ ಲೆಕ್ಕವಿದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಧ್ವಜ ಸಂಹಿತೆ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟಿತು. ಮನೆಮನೆಗೂ ಬಾವುಟ ಅಗ್ಗವಾಗಿ ಸಿಗಬೇಕೆಂಬ ವಾದ ಸುಳ್ಳಲ್ಲ. ದೂರದೇಶದಲ್ಲಿ ಆಗಸ್ಟ್ 15ಕ್ಕೆ ನಾವೂ ಅಂಥದ್ದನ್ನೇ ಹಿಡಿದಿದ್ದೇವೆ. ಆದರೂ ಬೆಂಗೇರಿಯ ಹೆಣ್ಣುಮಕ್ಕಳು ಹೊಲಿದ ಖಾದಿ ಧ್ವಜದಲ್ಲಿ ನೂತ ಕೈಯೊಂದು, ನೇಯ್ದ ಕೈಯೊಂದು ಇದೆ; ಆ ಕೈಗಳೇ ಅದರ ಅರ್ಥವಾಗಿದ್ದವು ಎಂಬುದು ನಮ್ಮ ನಿಲುವು. ಸಭೆಯಲ್ಲಿ ಇದನ್ನು ಒಪ್ಪದವರು ಇಬ್ಬರಿದ್ದರು.

ಕೊನೆಗೆ ಕೌದಿ. ಫಿನ್ಲೆಂಡಿನಲ್ಲೂ ಇದರ ನೆಂಟ ಒಂದಿದೆ, 'ರೂಯಿಯು'. ಉಣ್ಣೆಯ ಜೂಲುಳ್ಳ ಹೊದಿಕೆ. ಮೊದಲು ಜೂಲಿನ ಬದಿಯನ್ನು ಮೈಗೆ ತಾಗಿಸಿ ಹೊದ್ದು ಮಲಗುತ್ತಿದ್ದರು, ಆಮೇಲೆ ಅದು ತಿರುಗಿ ಗೋಡೆಯೇರಿ ಕಲೆಯಾಯಿತು. ನಮ್ಮ ಸಿದ್ದಿ ಹೆಂಗಸರು ಹಳಿಯಾಳ, ಯಲ್ಲಾಪುರಗಳಲ್ಲಿ ಹೊಲಿಯುವ ಕವಂದಿಗಳೂ ದೇಶವಿದೇಶಗಳ ಗೋಡೆ ಏರಿವೆ. ಅವಕ್ಕೆ ನಾಲ್ಕು ಮೂಲೆಯಲ್ಲೂ ಮಡಿಚಿಟ್ಟ 'ಫೂಲ' ಇರಲೇಬೇಕು, ಇಲ್ಲದಿದ್ದರೆ ಕವಂದಿ ಬತ್ತಲೆ ಎನ್ನುತ್ತಾರೆ. ಕೌದಿಗೆ ಬೇಕಾದ್ದು ಹೊಸ ಬಟ್ಟೆಯಲ್ಲ. ನೂರು ಸಲ ಒಗೆದ ಹತ್ತಿ ಮಾತ್ರ ಸೂಜಿಗೆ ದಾರಿ ಕೊಡುತ್ತದೆ, ಬೆವರು ಹೀರುತ್ತದೆ, ಮೈಗೆ ಹೊಂದುತ್ತದೆ. ಪಾಲಿಯೆಸ್ಟರ್ ಸೀರೆ ಎಷ್ಟು ವರ್ಷ ಉಟ್ಟರೂ ಮೆತ್ತಗಾಗುವುದಿಲ್ಲ. ಅದು ಹರಿಯುವುದೂ ಇಲ್ಲ, ಹಳತಾಗುವುದೂ ಇಲ್ಲ. ಹಳತಾಗದ್ದರಿಂದ ಕೌದಿ ಆಗುವುದಿಲ್ಲ. ನಮ್ಮ ಮುಂದಿನವರಿಗೆ ಹೊಲಿಯಲು ಏನು ಉಳಿದಿರುತ್ತದೋ ಕಾಣೆವು.

ಗೆಳತಿ ಕೊನೆಗೆ ಒಡಲನ್ನು ಕೌದಿಗೆ ಕೊಟ್ಟರು. ಕತ್ತರಿ ಹಿಡಿದಾಗ ಅವರ ಕೈ ನಡುಗಿತು, ನಾವು ಯಾರೂ ಮಾತಾಡಲಿಲ್ಲ. ಟೋಪು ತೆನೆಯ ಸಾಲಿನಿಂದ ಒಂದು ಗೇಣು ಹಿಂದೆಯೇ ಕತ್ತರಿಸಿ ಸೆರಗನ್ನೂ ಆ ಕೂಡಿಕೆಯನ್ನೂ ಹಾಗೆಯೇ ಉಳಿಸಿದ್ದಾರೆ. ಈಗ ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರ ಮನೆಯಲ್ಲಿ ಸೇರಿ ಹೊಲಿಯುತ್ತಿದ್ದೇವೆ. ಒಬ್ಬರು ಕಥೆ ಓದುತ್ತಾರೆ, ಉಳಿದವರ ಕೈಯಲ್ಲಿ ಸೂಜಿ. ಒಳಪದರಕ್ಕೆ ಇನ್ನೂ ಬಟ್ಟೆ ಸಾಲದು. ನಿಮ್ಮಲ್ಲಿ ಹಳೆಯ ಹತ್ತಿ ಸೀರೆ, ಪಂಚೆ ಇದ್ದರೆ ದಯವಿಟ್ಟು ತನ್ನಿ. ಹರಿದಿದ್ದರೆ ಇನ್ನೂ ಒಳ್ಳೆಯದು.